ಕರಡಿಗೆಯೊಳಗಿನ ಮೆಮರಿ ಕಾರ್ಡು

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮನೆಯ ಬೆಳ್ಳಿ ಸಾಮಾನು ಹೊರಗೆ ಬರುತ್ತದೆ. ಬೆಳ್ಳಿ ಎಂದ ಕೂಡಲೇ ನಮ್ಮದು ಭಾರಿ ಮನೆತನ ಎಂದುಕೊಳ್ಳಬೇಡಿ. ಒಂದು ಜೊತೆ ದೀಪ, ಒಂದು ಗಿಂಡಿ, ಹಿಡಿ ಅಲ್ಲಾಡುವ ಆರತಿ ತಟ್ಟೆ, ಇಷ್ಟೇ. ಈ ವರ್ಷ ಅದಕ್ಕೆ ನಮ್ಮ ಮಾವನವರ ಕರಡಿಗೆಯೂ ಸೇರಿಕೊಂಡಿದೆ. ಲಿಂಗ ಕಟ್ಟಿಕೊಳ್ಳುವ ಮನೆಯವರಿಗೆ ಕರಡಿಗೆ ಎಂದರೇನು ಎಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಬೆಳ್ಳಿ ಭರಣಿ ಅದು. ಮಾವನವರು ಹೋದಾಗ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಸಮಾಧಿ ಮಾಡಿದರು, ಕರಡಿಗೆ ಮಾತ್ರ ಅವರ ಊರು ಕುದೇರಿನ ದೇವರ ಮನೆಯಲ್ಲಿ ಉಳಿಯಿತು. ಹೋದ ವರ್ಷ ಅತ್ತೆಯೂ ಹೋದ ಮೇಲೆ ಅದು ಚಾಮರಾಜನಗರಕ್ಕೆ, ನನ್ನ ಕೈಗೆ ಬಂತು.

ವಿಭೂತಿ ಪುಡಿಯಲ್ಲಿ ಉಜ್ಜಿ ಉಜ್ಜಿ ಮುಚ್ಚಳ ತೆಗೆದೆ. ತುಪ್ಪ, ಕರ್ಪೂರ, ಹಳೆಯ ಬೂದಿ ಎಲ್ಲ ಕೂಡಿಕೊಂಡ ಒಂದು ವಾಸನೆ ಮೂಗಿಗೆ ಹೊಡೆಯಿತು. ನಮ್ಮತ್ತೆಯ ಸೆರಗಿನ ವಾಸನೆ ಅದು. ಒಳಗೆ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಕರಿ ಬಿಲ್ಲೆ ಕೂತಿತ್ತು. ಮೈಮೇಲೆ ವಿಭೂತಿ ಪದರು ಪದರಾಗಿ ಗಟ್ಟಿಯಾಗಿದೆ. ಉಗುರಲ್ಲಿ ಕೆರೆದು ನೋಡಿದರೆ ಮೂಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರದ ಕಾಲು ಕಾಣಿಸಿತು. ಮೆಮರಿ ಕಾರ್ಡು! ಅದನ್ನು ಯಾವತ್ತೋ ತಿಪ್ಪೆಗೆ ಎಸೆದಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಆಚೆ ಹಾಲಿನಲ್ಲಿ ನಮ್ಮವರು ಎಂದಿನಂತೆ ಫೋನು ತೀಡುತ್ತಾ, "ಇದರಲ್ಲಿ ಮತ್ತೆ ಜಾಗ ಮುಗೀತು ಕಣೆ" ಎಂದು ಗೊಣಗುತ್ತಿದ್ದರು. ನನಗೆ ನಗು ಬಂತು. ಈ ಮನುಷ್ಯನ ಜಾಗದ ಗೋಳು ಇವತ್ತಿನದಲ್ಲ. ಬನ್ನಿ, ಕೂತುಕೊಳ್ಳಿ. ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿರಬೇಕು. ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ನಮ್ಮವರು ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರು. ಗುಂಡ್ಲುಪೇಟೆ ಕಡೆಯ ಈರುಳ್ಳಿ, ಸೂರ್ಯಕಾಂತಿ ಬೆಳೆಯುವವರ ಹೊಲ ಸುತ್ತುವುದು ಅವರ ಕೆಲಸ. ಅವರ ಬೆಂಗಳೂರಿನ ಸಾಹೇಬರಿಗೆ ಒಂದು ದಿನ ಹೊಸ ಕೈಗಂಪ್ಯೂಟರು ಬಂತು. ಹಳೆಯದು ನಮ್ಮವರ ಪಾಲಿಗೆ ಇಳಿಯಿತು. ಸಾಹೇಬರ ಎಂಜಲನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ತಂದರು.

ಅಂಗೈ ಅಗಲ, ಇಟ್ಟಿಗೆ ಚೂರಿನ ತೂಕ. ಬರೆಯಲು ಒಂದು ಕಡ್ಡಿ, ಬೆನ್ನಿಗೊಂದು ಕ್ಯಾಮೆರಾ ಕಣ್ಣು. "ಫೋನ್ ಮಾಡಬಹುದಾ?" ಎಂದು ಕೇಳಿದೆ. "ಫೋನಿಗೆ ಫೋನಿದೆಯಲ್ಲ" ಎಂದರು. "ಮತ್ತೆ ಇದೇನು ಮಾಡುತ್ತೆ?" ಎಂದೆ. "ಎಲ್ಲಾ ಮಾಡುತ್ತೆ" ಎಂದರು. ಗಂಡಸರು ಒಂದು ವಸ್ತುವನ್ನು ತೋರಿಸಿ ಎಲ್ಲಾ ಮಾಡುತ್ತೆ ಎಂದರೆ ಅದು ಮನೆಗೆ ಬೇಕಾದ ಒಂದು ಕೆಲಸವನ್ನೂ ಮಾಡುವುದಿಲ್ಲ ಎಂದು ನಾನು ಮೊದಲೇ ಕಂಡುಕೊಂಡಿದ್ದೆ. ಹಿಟ್ಟು ರುಬ್ಬುವ ಯಂತ್ರ ತಂದಾಗ ಯಾರಾದರೂ ಹೀಗೆ ಹೇಳುತ್ತಾರೆಯೇ?

ಅದಕ್ಕೊಂದು ಕೆಟ್ಟ ಗುಣವಿತ್ತು. ಚಾರ್ಜು ಪೂರ್ತಿ ಇಳಿದುಹೋದರೆ ಒಳಗೆ ತುಂಬಿದ್ದೆಲ್ಲ ಅಳಿಸಿಹೋಗಿ ಹುಟ್ಟಿದ ಕೂಸಿನಂತೆ ಕಣ್ಣು ಬಿಡುತ್ತಿತ್ತು. ಆಗಿನ ನಮ್ಮೂರಿನ ಕರೆಂಟು ನಿಮಗೆ ಗೊತ್ತಲ್ಲ, ಬಂದರೆ ಬಂತು. ಒಂದು ಬೆಳಿಗ್ಗೆ ನಮ್ಮವರು ಎದ್ದು ನೋಡಿದರೆ ರೈತರ ಹೆಸರು, ಫೋನ್ ನಂಬರು, ಎಲೆಸುಳಿ ರೋಗದ ಫೋಟೋ, ಎಲ್ಲವೂ ಮಂಗಮಾಯ. ಸೂತಕದ ಮುಖ ಹೊತ್ತುಕೊಂಡು ಸ್ನಾನಕ್ಕೆ ಹೋದರು. ವಿಚಾರಿಸಿದಾಗ ಯಾರೋ ಹೇಳಿದರಂತೆ, ಅದರ ತಲೆಯ ಮೇಲೆ ಒಂದು ಸೀಳು ಇದೆ, ಅಲ್ಲಿ ಮೆಮರಿ ಕಾರ್ಡು ತೂರಿಸಿದರೆ ಚಾರ್ಜು ಹೋದರೂ ಸಾಮಾನು ಹೋಗುವುದಿಲ್ಲ ಎಂದು. ಅಲ್ಲಿಂದ ಶುರುವಾಯಿತು.

ಮೆಮರಿ ಕಾರ್ಡು ಆಗ ಚಾಮರಾಜನಗರದಲ್ಲಿ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಗುಂಡ್ಲುಪೇಟೆಯಲ್ಲಿ. ಈರುಳ್ಳಿ ಲಾರಿಗಳು ಘಾಟಿ ಇಳಿದು ಕೇರಳಕ್ಕೆ ಹೋಗುತ್ತವೆ, ಬರುವಾಗ ಅದೇ ದಾರಿಯಲ್ಲಿ ದುಬೈ ಸಾಮಾನು ಮೇಲೆ ಹತ್ತುತ್ತದೆ. ಹೆದ್ದಾರಿ ಬದಿಯಲ್ಲಿ ಮಮ್ಮದ್ ಕಾಕ ಎನ್ನುವವರ ಅಂಗಡಿಯಿತ್ತು. ಸೆಂಟು, ಟಾರ್ಚು, ಸೋಪು, ಕುರ್ಚಿಯಷ್ಟೆತ್ತರದ ಫ್ಲಾಸ್ಕು, ಇವುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಈ ಬಿಲ್ಲೆಗಳು. ನನ್ನ ನಾದಿನಿ ಮಂಗಳನ ಮನೆಯೂ ಗುಂಡ್ಲುಪೇಟೆಯಲ್ಲೇ. ಅವಳ ಗಂಡನದು ಈರುಳ್ಳಿ ಮಂಡಿ. ತಂಗಿಯನ್ನು ನೋಡಿ ಬರೋಣ ಎಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರೆ ಸ್ಕೂಟರು ತಾನಾಗಿ ಕಾಕನ ಅಂಗಡಿ ಮುಂದೆ ನಿಲ್ಲುತ್ತಿತ್ತು.

ಕಾಕ ವ್ಯಾಪಾರಿಯಾದರೂ ಕನಿಕರದವರು. ಮೂರನೆಯದೋ ನಾಲ್ಕನೆಯದೋ ಕಾರ್ಡು ಕೊಡುವಾಗ ನನ್ನ ಕಡೆ ಒಮ್ಮೆ, ಇವರ ಕಡೆ ಒಮ್ಮೆ ನೋಡಿ, "ಸಾರೇ, ಒಬ್ಬ ಮನುಷ್ಯನಿಗೆ ಇಷ್ಟು ಮೆಮರಿ ಎಂತಕ್ಕೆ ಸಾರೇ? ಬೇಡಾತದ್ದು ಸ್ವಲ್ಪ ಅಳಿಸಿ ಬಿಡಿ" ಎಂದರು. ನಮ್ಮವರು ನಕ್ಕರು. "ಯಾವುದು ಬೇಡದ್ದು ಅಂತ ಈಗ ಹೆಂಗೆ ಗೊತ್ತಾಗುತ್ತೆ ಕಾಕ?"

ಹಾಗಾಗಿ ಎಲ್ಲವೂ ಬೇಕಾದದ್ದೇ ಆಯಿತು. ಕೊಳೆತ ಈರುಳ್ಳಿಯ ಫೋಟೋ ಬೇಕು. ಅದರ ಮಗ್ಗುಲಿನ ಕೊಳೆಯದ ಈರುಳ್ಳಿಯ ಫೋಟೋವೂ ಬೇಕು. ಅದರಲ್ಲಿ ದನಿ ಹಿಡಿಯುವ ಗುಂಡಿಯೊಂದಿತ್ತು. ಅದು ಕಣ್ಣಿಗೆ ಬಿದ್ದ ಮೇಲಂತೂ ನಮ್ಮ ಮನೆಯ ಕುಕ್ಕರಿನ ಸೀಟಿ, ಪಕ್ಕದ ಮನೆಯ ನಾಯಿ, ಮಾರಾಟದ ಮೀಟಿಂಗಿನಲ್ಲಿ ಸಾಹೇಬರು ಕೆಮ್ಮಿದ್ದು, ಎಲ್ಲ ಶೇಖರಣೆಯಾಯಿತು. ಸಂತೆ ಸಾಮಾನಿನ ಪಟ್ಟಿಯನ್ನೂ ಅದರಲ್ಲೇ ಬರೆದುಕೊಂಡು, ಅದನ್ನು ಮನೆಯಲ್ಲೇ ಮರೆತು, ಬರಿಗೈಯಲ್ಲಿ ವಾಪಸು ಬಂದು, "ಬರೆದಿತ್ತಲ್ಲ!" ಎಂದು ನನಗೇ ಹೇಳುತ್ತಿದ್ದರು. ಬರೆದಿಟ್ಟ ಮೇಲೆ ತರುವುದೂ ಅದರದೇ ಕೆಲಸ ಎಂಬಂತೆ. ಹೊಲದ ಬದುವಿನ ಮೇಲೆ ನಿಂತು ಕಡ್ಡಿಯಲ್ಲಿ ಕುಕ್ಕುತ್ತಿದ್ದರೆ ರೈತರು, "ಸ್ವಾಮಿ, ಹಲ್ಲುಕಡ್ಡಿ ತಕ್ಕೊಂಡು ಅದೇನ್ ಕೆರೀತಿದ್ದೀರಿ, ಬೀಜ ಮೊಳೆತಿಲ್ಲ ನೋಡ್ಬನ್ನಿ" ಎಂದು ಕರೆಯುತ್ತಿದ್ದರಂತೆ. ಇದನ್ನು ಅವರೇ ನನಗೆ ನಗುತ್ತಾ ಹೇಳಿದ್ದು. ಆ ಮಟ್ಟಿಗೆ ಒಳ್ಳೆಯವರು.

ಕಾರ್ಡು ಹೆಚ್ಚಾದಂತೆ ಅವನ್ನು ಇಡುವ ಜಾಗದ ಪ್ರಶ್ನೆ ಬಂತು. ಜಾಗ ಮಾಡುವ ವಸ್ತುವಿಗೆ ಜಾಗ ಹುಡುಕುವುದೇ ಒಂದು ಉದ್ಯೋಗವಾಯಿತು. ಅಂಗಿ ಜೇಬಿನಲ್ಲಿಟ್ಟದ್ದು ಒಗೆಯುವ ಕಲ್ಲಿನ ಮೇಲೆ ಸಿಕ್ಕಿತು. ಮೇಜಿನ ಮೇಲಿಟ್ಟದ್ದು ನನ್ನ ಪೊರಕೆಗೆ ಸಿಕ್ಕಿತು. ಇನ್ನೊಂದು, ಅವರೆಕಾಳು ಆರಿಸುತ್ತಿದ್ದ ಮೊರದಲ್ಲಿ ಹುಳುಕು ಕಾಳಿನ ಜೊತೆ ಸಿಕ್ಕಿ, ನಾನು ಹುಳುಕಿನ ಕಡೆಗೇ ಸೇರಿಸಿದ್ದೆ. ಕೊನೆಗೆ ಯಾರದೋ ಹಳೇ ನಶ್ಯದ ಡಬ್ಬಿ ಸಂಪಾದಿಸಿ ಅದರಲ್ಲಿ ತುಂಬಿಕೊಂಡರು. ಡಬ್ಬಿ ತೆರೆದಾಗಲೆಲ್ಲ ಸೀನು. ಆ ಸೀನೂ ಒಂದೆರಡು ಸಲ ರೆಕಾರ್ಡಾಗಿದೆ.

ಇಲ್ಲಿಯವರೆಗೆ ಇದು ನಗೆಚಾಟಿಕೆ. ಇನ್ನು ಕುದೇರಿನ ವಿಷಯಕ್ಕೆ ಬರುತ್ತೇನೆ.

ಕುದೇರು ನಮ್ಮವರ ಊರು. ಅಲ್ಲಿ ನಮ್ಮತ್ತೆ ದೊಡ್ಡ ಮಗನ ಜೊತೆ ಇದ್ದರು. ದೊಡ್ಡ ಮಗ ಎಂದರೆ ನನ್ನ ಭಾವ, ಗುರುಸಿದ್ದಪ್ಪನವರು. ಜಮೀನೆಲ್ಲ ಅವರದೇ ಸಾಗುವಳಿ. ಮಾವನವರು ಹೋಗಿ ಕೆಲವು ವರ್ಷವಾಗಿತ್ತು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು ಎಂಬ ಮಾತು ಎದ್ದಿತ್ತು. ಉಳಿದ ಜಮೀನಿನ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇದ್ದದ್ದು ಬಾವಿ ಹೊಲದ ಬಗ್ಗೆ. ಅದು ಅತ್ತೆಗೆ ಅವರ ತವರಿನಿಂದ ಬಂದ ತುಂಡು, ಅತ್ತೆಯ ಹೆಸರಿನಲ್ಲೇ ಇತ್ತು. ಸಿಹಿನೀರ ಬಾವಿ, ಕೆಂಪು ಮಣ್ಣು, ಅರಿಸಿನ ಹಾಕಿದರೆ ಬಂಗಾರದಂತೆ ಬರುತ್ತಿತ್ತು. ಮಂಗಳ ಮದುವೆಗೆ ಮುಂಚೆ ಅವ್ವನ ಜೊತೆ ನೀರು ಹಾಯಿಸಿ ಅರಿಸಿನ ಬೆಳೆದ ಹೊಲ ಅದು. ಗುಂಡ್ಲುಪೇಟೆಯಲ್ಲಿ ಅವಳಿಗೆ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ, "ಅತ್ಗೆ, ಆ ಮಂಡಿಲಿ ಕಾಲಿಡೋಕ್ಕೂ ಒಂದು ಮಾತು ಕೇಳಿ ಕಾಲಿಡ್ಬೇಕು. ನಂದು ಅನ್ನೋ ಮಣ್ಣು ಒಂದು ಹಿಡಿ ಇಲ್ಲ" ಎಂದು ನನ್ನೆದುರು ಒಮ್ಮೆ ಅತ್ತಿದ್ದಳು. ಬಾವಿ ಹೊಲ ಅವಳ ಕಣ್ಣಲ್ಲಿತ್ತು. ಭಾವನವರ ಕಣ್ಣಲ್ಲೂ ಇತ್ತು.

ಹಬ್ಬವೊಂದರ ಮಾರನೆಯ ದಿನ ನಾವೆಲ್ಲ ಅಲ್ಲಿ ಸೇರಿದ್ದೆವು. ಊರ ಯಜಮಾನರಾದ ಪುಟ್ಟಬಸಪ್ಪನವರೂ ಬಂದಿದ್ದರು. ಊಟವಾಗಿ ಪಡಸಾಲೆಯಲ್ಲಿ ಎಲೆ ಅಡಿಕೆ ನಡೆಯುತ್ತಿತ್ತು. ಅತ್ತೆ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದವರು, ಯಾರೂ ಕೇಳದಿದ್ದರೂ, ಬಾವಿ ಹೊಲ ಮಂಗಳನಿಗೆ ಎಂದುಬಿಟ್ಟರು. ಭಾವನವರ ಬಾಯಲ್ಲಿ ಅರೆಯುತ್ತಿದ್ದ ಎಲೆ ಅಲ್ಲೇ ನಿಂತಿತು. ನಮ್ಮವರ ಮುಖ ಮಾತ್ರ ಅರಳಿತು. ತಂಗಿಗೆ ಹೊಲ ಸಿಕ್ಕಿತು ಎಂದಲ್ಲ, ಯಂತ್ರಕ್ಕೊಂದು ಒಳ್ಳೆ ಕೆಲಸ ಸಿಕ್ಕಿತು ಎಂದು.

"ತಡಿ ಅವ್ವ, ತಡಿ. ಇದನ್ನ ರೆಕಾರ್ಡ್ ಮಾಡ್ಬೇಕು." ಗುಂಡಿ ಒತ್ತಿದರು. ಯಂತ್ರ ಏನೋ ಗುಟುರು ಹಾಕಿತು. "ಅಯ್ಯೋ, ಜಾಗ ಇಲ್ವಲ್ಲ!"

"ಏನ್ಲಾ ಮಾದೇವಸ್ವಾಮಿ, ನನ್ನ ಮಾತ್ಗೂ ಜಾಗ ಇಲ್ವಾ?" ಎಂದರು ಅತ್ತೆ.

ನಶ್ಯದ ಡಬ್ಬಿ ಬಂತು, ಸೀನು ಬಂತು, ಹೊಸ ಕಾರ್ಡು ಸೀಳಿನೊಳಗೆ ಹೋಯಿತು. ಯಂತ್ರವನ್ನು ಅತ್ತೆಯ ಗಲ್ಲದ ಹತ್ತಿರ ಹಿಡಿದು, "ಈಗ ಹೇಳು. ಜೋರಾಗಿ" ಎಂದರು. ಅತ್ತೆ ಅಡಕತ್ತರಿ ಕೆಳಗಿಟ್ಟು ಹೇಳಿದರು:

"ಬಾವಿ ಹೊಲ ನಮ್ಮವ್ವನ ಮನೆಯಿಂದ ನನ್ನ ಮಡ್ಲಿಗೆ ಬಂದದ್ದು. ನಿಮ್ಮಪ್ಪಂದಲ್ಲ, ನಿಮ್ಮ ತಾತಂದೂ ಅಲ್ಲ. ಹೆಣ್ಣಿನ ಮಡ್ಲಿಂದ ಬಂದದ್ದು ಹೆಣ್ಣಿನ ಮಡ್ಲಿಗೇ ಓಗ್ಬೇಕು. ಅದು ಮಂಗಳನಿಗೆ. ಸಾಕೇನ್ಲಾ, ಇನ್ನೂ ಜಾಗ ಅದಾ?"

ಹೀಗೆ ಪಡಸಾಲೆಯಲ್ಲಿ ಇದ್ದವರೆಲ್ಲ ಅತ್ತೆಯ ಬಾಯಿಂದಲೇ ಎರಡೆರಡು ಸಲ ಕೇಳಿದರು. ಪುಟ್ಟಬಸಪ್ಪನವರು, "ಇದನ್ನ ಒಂದು ಕಾಗದದ ಮೇಲೆ ಬರುಸ್ಬುಡಿ" ಎಂದರು. ನಮ್ಮವರು, "ಕಾಗದದ ಕಾಲ ಮುಗೀತು ಯಜಮಾನ್ರೇ. ಕಾಗದ ಹರೀಬೋದು, ಗೆದ್ಲು ತಿನ್ಬೋದು. ಇದನ್ನ ಯಾರೇನು ಮಾಡಕ್ಕಾಗುತ್ತೆ?" ಎಂದರು. ಕಾರ್ಡನ್ನು ಹೊರತೆಗೆದು, ಇದು ನನ್ನ ಹತ್ತಿರವೂ ಬೇಡ ಅಣ್ಣನ ಹತ್ತಿರವೂ ಬೇಡ, ಎಲ್ಲರಿಗೂ ಪೂಜ್ಯವಾದ ಜಾಗದಲ್ಲಿರಲಿ ಎಂದು ಹೇಳಿ, ದೇವರ ಮನೆಗೆ ಹೋಗಿ ಅಪ್ಪನ ಖಾಲಿ ಕರಡಿಗೆಯಲ್ಲಿ ಇಟ್ಟರು. ಹೊರಡುವಾಗ ಅತ್ತೆಗೆ ಕೈಮುಗಿದು, "ಅವ್ವ, ಅಪ್ಪನ ಕರಡಿಗೆಲಿ ಇಟ್ಟಿವ್ನಿ. ಜೋಪಾನ. ದಿನಾ ಒಂದ್ಸಲ ನೋಡ್ಕೊ. ನಮ್ಮೆಲ್ಲರ ಹಣೆಬರ ಅದ್ರೊಳಗದೆ" ಎಂದರು. ಅತ್ತೆ, "ಆಗ್ಲಪ್ಪ" ಎಂದರು. ಆ ಜೋಪಾನ ಎಂಬ ಮಾತನ್ನು ಅತ್ತೆ ಹೇಗೆ ತೆಗೆದುಕೊಂಡರು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಅರಿಸಿನ ಕಿತ್ತು, ಬೇಯಿಸಿ, ಒಣಗಿಸುವ ಕಾಲಕ್ಕೆ ಎರಡನೇ ಸಲ ಸೇರಿದೆವು. ಈ ಸಲ ಪಾಲುಪಟ್ಟಿ ಬರೆಯುವವರೊಬ್ಬರು ಚಾಮರಾಜನಗರದಿಂದ ಬಂದಿದ್ದರು. ಅವರಿಗೆ ಚಾಪೆ, ಪುಟ್ಟಬಸಪ್ಪನವರಿಗೆ ಕುರ್ಚಿ, ಅಣ್ಣತಮ್ಮಂದಿರಿಗೆ ಜಗಲಿ. ಹೆಂಗಸರಿಗೆ ಅಡುಗೆಮನೆಯ ಬಾಗಿಲು. ಅಲ್ಲಿಂದ ಎಷ್ಟು ಬೇಕಾದರೂ ಕೇಳಬಹುದು, ಮಾತಾಡುವಂತಿಲ್ಲ. ಅತ್ತೆ ದೇವರ ಮನೆಯಲ್ಲಿ ಪೂಜೆಗೆ ಕೂತಿದ್ದರು. ಬರೆಯುವವರು ಒಂದೊಂದೇ ಹೊಲದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ಓದುತ್ತಾ ಬಂದರು. ಭಾವನವರ ಪಾಲಿನ ಕೊನೆಯಲ್ಲಿ ಬಾವಿ ಹೊಲವೂ ಬಂತು.

ಮಂಗಳ ನನ್ನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ನಿಂತೇ, "ದೊಡ್ಡಣ್ಣ, ಅದನ್ನ ಅವ್ವ ನಂಗೆ ಅಂದಿದ್ಲಲ್ಲ" ಎಂದಳು.

"ಯಾವಾಗಮ್ಮಿ?" ಎಂದರು ಭಾವನವರು. ಎಂಥ ಅಮಾಯಕ ಮುಖ ಅಂತೀರಿ! ನಾಟಕದ ಕಂಪನಿಯವರು ನೋಡಿದ್ದರೆ ಅಂದೇ ಕರೆದುಕೊಂಡು ಹೋಗುತ್ತಿದ್ದರು. "ಯಾವಾಗ್ಲೋ ಏನೋ ಅಂದಿರ್ಬೋದು ಕಣಮ್ಮಿ. ಅವ್ವ ದಿನಕ್ಕೊಂದು ಅಂತಾಳೆ."

"ರೆಕಾರ್ಡ್ ಆಗದೆ!" ನಮ್ಮವರು ಎದ್ದು ನಿಂತರು. ಅವರ ಜೀವಮಾನದಲ್ಲಿ ಅಂಥ ಗಳಿಗೆ ಮತ್ತೆ ಬಂದಿಲ್ಲ. ಯಂತ್ರ ತೆಗೆದರು, ಡಬ್ಬಿ ತೆಗೆದರು, ಸೀನಿದರು. ಗಾಬರಿಯಲ್ಲಿ ಎಲ್ಲಿಟ್ಟಿದ್ದೆ ಎನ್ನುವುದೇ ಮರೆತುಹೋಗಿತ್ತು. ಒಂದು ಕಾರ್ಡು ಹಾಕಿದರು, ನಮ್ಮ ಕುಕ್ಕರು ಕೂಗಿತು. ಇನ್ನೊಂದು ಹಾಕಿದರು, ಬೆಂಗಳೂರಿನ ಸಾಹೇಬರು ಕೆಮ್ಮಿದರು. ಮತ್ತೊಂದರಲ್ಲಿ ಪಕ್ಕದ ಮನೆಯ ನಾಯಿ. ಪಾಲುಪಟ್ಟಿ ಬರೆಯುವವರು ಪೆನ್ನಿನ ಮುಚ್ಚಳ ಹಾಕಿ ಆಕಳಿಸಿದರು. ಮಂಗಳ ಒಂದೊಂದು ಕಾರ್ಡಿಗೂ ಉಸಿರು ಹಿಡಿದು ಬಿಡುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಆ ಯಂತ್ರವನ್ನು ಕಿತ್ತುಕೊಂಡು ಬಾವಿಗೆ ಎಸೆಯುವಷ್ಟು ಸಿಟ್ಟೂ ಬರುತ್ತಿತ್ತು.

"ಅಪ್ಪನ ಕರಡಿಗೆಲಿ ಇಟ್ಟಿದ್ರಲ್ಲ!" ಎಂದು ನಾನೇ ಒಳಗಿನಿಂದ ಕೂಗಿದೆ.

ನಮ್ಮವರು ದೇವರ ಮನೆಗೆ ಓಡಿದರು. ಬಾಗಿಲಲ್ಲೇ ಕಂಬದಂತೆ ನಿಂತುಬಿಟ್ಟರು. ನಾನು ಹಿಂದಿನಿಂದ ಇಣುಕಿದೆ. ಅತ್ತೆ ತಮ್ಮ ಲಿಂಗಪೂಜೆ ಮುಗಿಸಿ ಲಿಂಗವನ್ನು ಕೊರಳಿಗೆ ಹಾಕಿಕೊಂಡಿದ್ದರು. ಈಗ ಅವರ ಎಡ ಅಂಗೈಯಲ್ಲಿ ಆ ಕರಿ ಬಿಲ್ಲೆ ಕೂತಿತ್ತು. ಅದರ ಮೈಗೆ ಸೊಗಸಾಗಿ ಎಳೆದ ವಿಭೂತಿ, ತಲೆಯ ಮೇಲೊಂದು ತುಂಬೆ ಹೂವು. ಬಲಗೈಯ ಗಿಂಡಿಯಿಂದ ನೀರು ಬೀಳುತ್ತಿತ್ತು. ನೆಲದ ಮೇಲಿನ ಬಟ್ಟಲುಗಳಲ್ಲಿ ಹಾಲೂ ಇತ್ತು, ತುಪ್ಪವೂ ಇತ್ತು. ಅಂದು ಸೋಮವಾರ.

"ಅವ್ವಾ! ಏನ್ ಮಾಡ್ಬುಟ್ಟೆ!"

"ಏನ್ ಮಾಡ್ದೆ? ದಿನಾ ಮಾಡ್ದಂಗೆ ಇವತ್ತೂ ಮಾಡ್ದೆ" ಎಂದರು ಅತ್ತೆ, ಕಣ್ಣೆತ್ತದೆ. "ಜೋಪಾನ, ದಿನಾ ನೋಡ್ಕೊ ಅಂದೋನು ನೀನೇ ಅಲ್ವಾ?"

ದಿನಾ! ಹಬ್ಬದ ಮಾರನೆಯ ದಿನದಿಂದ ಅರಿಸಿನ ಕೀಳುವವರೆಗೆ ಒಂದು ದಿನವೂ ತಪ್ಪದೆ ಆ ಬಿಲ್ಲೆಗೆ ನೀರು, ಬೂದಿ, ಸೋಮವಾರಕ್ಕೆ ಹಾಲು ತುಪ್ಪ. ಯಾರೂ ಏನೂ ಮಾಡಕ್ಕಾಗದ ವಸ್ತುವಿಗೆ ನಮ್ಮತ್ತೆ ಭಕ್ತಿಯಿಂದಲೇ ಮೋಕ್ಷ ಕೊಟ್ಟಿದ್ದರು. ನಮ್ಮವರು ಅದನ್ನು ಅಂಗಿಯ ತುದಿಯಲ್ಲಿ ಒರೆಸಿದರು, ಉಫ್ ಎಂದು ಊದಿದರು, ಪಡಸಾಲೆಗೆ ತಂದು ಸೀಳಿನೊಳಗೆ ತುರುಕಿದರು. ಯಂತ್ರ ಕುಂಯ್ ಎಂದಿತು. ಬೆಳಕು ಒಂದು ಸಲ ಮಿನುಗಿತು. ಅಷ್ಟೇ, ಆಮೇಲೆ ಅದು ಕಣ್ಣು ಬಿಡಲೇ ಇಲ್ಲ. ಸೀಳಿನ ಅಂಚಿನಲ್ಲಿ ವಿಭೂತಿ ಕೆಸರು ಉಕ್ಕಿ ಬಂದಿತ್ತು.

ಭಾವನವರು ಗಂಟಲು ಸರಿಮಾಡಿಕೊಂಡರು. "ರೆಕಾರ್ಡು ಇಲ್ಲ ಅಂದಂಗಾಯ್ತು. ಬರೀರಿ ಸ್ವಾಮಿ."

ನಾನು ಪುಟ್ಟಬಸಪ್ಪನವರ ಮುಖ ನೋಡಿದೆ. ಕಾಗದದ ಮೇಲೆ ಬರೆಸಿ ಎಂದು ಅಂದು ಹೇಳಿದವರು ಅವರೇ ತಾನೆ? ಅವರು ಮಾಡಿನ ತೊಲೆ ನೋಡುತ್ತಾ, "ನಂಗೂ ವಯಸ್ಸಾಯ್ತು, ನೆಪ್ಪು ಸಾಲ್ದು. ರೆಕಾರ್ಡ್ ಇದ್ದಿದ್ರೆ ಒಂದು ಮಾತು" ಎಂದರು. ಆಮೇಲೆ ನಮ್ಮವರ ಕಡೆ ತಿರುಗಿ, "ನೀನು ಪಕ್ಕದಲ್ಲೇ ಇದ್ದೆಯಲ್ಲಪ್ಪ, ಅವ್ವ ಏನಂದ್ಲು? ನೀನೇ ಹೇಳು" ಎಂದರು.

ನಮ್ಮವರು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ನಾನು... ಮೊದ್ಲು ಅಂದಾಗ ಯಂತ್ರ ತೆಗೆಯೋ ಆತ್ರದಲ್ಲಿದ್ದೆ. ಎರಡ್ನೇ ಸಲ ದನಿ ಸರಿಯಾಗಿ ಏಳ್ತಾ ಇಳೀತಾ ಅದಾ ಅಂತ ಪರದೆ ಮೇಲಿನ ಗೆರೆ ನೋಡ್ತಿದ್ದೆ. ಮಾತು ಪೂರ್ತಿ ಕಿವಿಗೆ ಬೀಳ್ಲಿಲ್ಲ. ಆಮೇಲೆ ಕೇಳ್ಕೊಳನ ಅಂತಿದ್ದೆ."

ಅವ್ವನ ಗಲ್ಲದ ಹತ್ತಿರ ಕೈ ಹಿಡಿದು ನಿಂತ ಮಗ. ಅವನಿಗೊಬ್ಬನಿಗೇ ಕೇಳಿಸಲಿಲ್ಲವಂತೆ.

ಮಂಗಳ ಸೆರಗು ಬಾಯಿಗೊತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹೊಸ್ತಿಲು ದಾಟಿ ಬಂದು, ಅತ್ತೆ ಹೇಳಿದ್ದನ್ನು ಅಕ್ಷರ ಬಿಡದೆ, ಅಡಕತ್ತರಿ ಕೆಳಗಿಟ್ಟದ್ದೂ ಸೇರಿಸಿ ಹೇಳಿದೆ. ಭಾವನವರು ನಕ್ಕರು. "ಮೇಡಂನೋರು ಪಾಠ ಒಪ್ಪುಸ್ತಾವ್ರೆ. ಹೆಂಗಸ್ರು ಇದ್ರೊಳಗೆ ಬರ್ಬೇಡಿ ಕಣಮ್ಮ, ಒಳಕ್ಕೋಗಿ." ಪುಟ್ಟಬಸಪ್ಪನವರೂ ಮೀಸೆಯಲ್ಲೇ ನಕ್ಕರು.

ನೋಡಿ, ಹೆಂಗಸಿನ ದನಿ ಯಂತ್ರದೊಳಗಿಂದ ಬಂದಿದ್ದರೆ ಅದು ದಾಖಲೆ. ಹೆಂಗಸಿನ ಬಾಯಿಂದ ಬಂದರೆ ಅಧಿಕಪ್ರಸಂಗ. ಅಷ್ಟು ಜನ ಬುದ್ಧಿವಂತರು ಕೂತು ಒಂದು ಸತ್ತ ಬಿಲ್ಲೆಯಿಂದ ಮಾತು ಹೊರಡಿಸಲು ಒದ್ದಾಡುತ್ತಿದ್ದರು. ಆ ಮಾತಿನ ಒಡತಿ ಅಲ್ಲೇ, ಒಂದು ಗೋಡೆಯಾಚೆ, ಗಂಟೆ ಅಲ್ಲಾಡಿಸುತ್ತಿದ್ದರು. ಅವರನ್ನು ಕೇಳೋಣ ಎಂದು ಒಬ್ಬರಿಗೂ ತೋಚಲಿಲ್ಲ. ಪಾಠ ಒಪ್ಪಿಸಿದ ಮೇಡಮ್ಮಿಗೂ ತೋಚಲಿಲ್ಲ ಅನ್ನಿ.

ಅತ್ತೆ ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದರು. ಎಲ್ಲರ ಮುಖ ನೋಡಿದರು. ಮಂಗಳ ಅಳುತ್ತಿರುವುದನ್ನು ನೋಡಿದರು.

"ಅದೇನ್ ಅದ್ರೊಳಗಿತ್ತು ಅಂತ ಹಿಂಗೆ ಒದ್ದಾಡ್ತಿದ್ದೀರಿ?"

"ನಿನ್ನ ಮಾತು ಕಣವ್ವ" ಎಂದರು ನಮ್ಮವರು. "ಬಾವಿ ಹೊಲ ಯಾರ್ಗೆ ಅಂತ ಅವತ್ತು ಅಂದಿದ್ಯಲ್ಲ, ಅದು. ಓಗ್ಬುಡ್ತು."

ಅತ್ತೆ ಬಟ್ಟಲು ಕೆಳಗಿಟ್ಟರು.

"ನನ್ನ ಮಾತಾ? ಓಗಿದ್ದು ಎಲ್ಲಿಗ್ಲಾ? ನನ್ನ ಮಾತು ನನ್ನೊಳಗಿಲ್ವೇನ್ಲಾ? ನಾನೇನ್ ಸತ್ತೋಗಿದ್ದೀನಾ? ನನ್ನ ಕೇಳುಕ್ಕೆ ಏನ್ಲಾ ದಾಡಿ ನಿಮ್ಗೆ?"

ಭಾವನವರು ಮೆಲ್ಲಗೆ, "ಅವ್ವ, ಇದ್ರಲ್ಲಿ ನಿಂಗೇನೂ ತಿಳಿಯಾಕಿಲ್ಲ. ಎಬ್ಬೆಟ್ಟು ಒತ್ತಕ್ಕೆ ಕರಿತೀವಿ, ಒಳಗಿರು" ಎಂದರು.

"ತಿಳಿಯಾಕಿಲ್ಲ ಅಂದ್ಮೇಲೆ ಎಬ್ಬೆಟ್ಟು ಯಾಕ್ಲಾ ಬೇಕು ನಿಂಗೆ, ಗುರುಸಿದ್ದ? ತಿಳಿಯಾಕಿಲ್ದೋಳ ಎಬ್ಬೆಟ್ಗೇನ್ ಬೆಲೆ?" ಅತ್ತೆ ಪಾಲುಪಟ್ಟಿಯವರ ಎದುರಿಗೇ, ಗಂಡಸರ ನಡುವೆ, ಚಾಪೆಯ ಅಂಚಿನಲ್ಲಿ ಕೂತರು. "ಬರ್ಕೊಳಪ್ಪ ನೀನು. ಮೂಡ್ಲಿಗೆ ಹುಣ್ಸೇಮರ. ಪಡುವ್ಲಿಗೆ ಕಾಲ್ದಾರಿ. ಬಾವಿ ಒಳಗೆ ಸೇರ್ದಂಗೆ. ಮಂಗಳನಿಗೆ. ಬರ್ದಾದ್ಮೇಲೆ ಓದು, ಸೊಸೆ ನಿಂತ್ಕೊಂಡು ಕೇಳ್ಲಿ. ಅವಳಿಗೆ ಕಿವಿ ಅದೆ."

ಆ ಕೊನೆಯ ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ಪೆನ್ನಿನ ಮುಚ್ಚಳ ತೆರೆಯಿತು. ಮಂಗಳ ಬಂದು ಅವ್ವನ ಬೆನ್ನಿಗೆ ಮುಖ ಒತ್ತಿಕೊಂಡು ಕೂತಳು. ನಾನು ಒಳಕ್ಕೆ ಹೋಗಲಿಲ್ಲ.

ಅಂದು ಸಂಜೆ ಹಿತ್ತಲಲ್ಲಿ ಅರಿಸಿನ ಒಣಹಾಕುತ್ತಾ ನಾನು ಅತ್ತೆಯನ್ನು ಕೇಳಿದೆ, "ಅಲ್ಲ ಅತ್ತೆ, ಅದು ಲಿಂಗ ಅಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?" ಅತ್ತೆ ನನ್ನನ್ನು ನೋಡಿ ನಕ್ಕರು. "ನಿನ್ನಂತ ಮೇಷ್ಟ್ರಮ್ಮನ ಬುದ್ಧಿ ನಂಗೂ ವಸಿ ಅದೆ ಕಣವ್ವ. ಲಿಂಗ ಯಾವ್ದು, ಬಿಲ್ಲೆ ಯಾವ್ದು ಅಂತ ಗೊತ್ತಾಯ್ತದೆ. ಆದ್ರೆ ನಿಮ್ಮ ಮಾವ ಓಗ್ಬುಟ್ಮೇಲೆ ಆ ಕರಡಿಗೆ ಖಾಲಿ ಇತ್ತು. ದಿನಾ ಮುಚ್ಳ ತೆಗ್ದು ನೋಡಿ ಮುಚ್ಚಿಡ್ತಿದ್ದೆ. ಈಗ ಅದ್ರೊಳಗೆ ಏನೋ ಒಂದು ಅದೆ. ಅದ್ಕೆ ನೀರು ತೋರುಸ್ದೆ ನಾನೆಂಗೆ ಉಣ್ಣನೇಳು?" ನಾನು ಊರೆಲ್ಲ ಹೇಳಿಕೊಂಡು ನಗಲು ಇದೂ ಒಂದಾಯಿತು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದಕ್ಕೆ ಲೆಕ್ಕವಿಲ್ಲ.

ಯಂತ್ರ ಮತ್ತೆ ಏಳಲಿಲ್ಲ. ನಮ್ಮವರು ಸ್ವಲ್ಪ ದಿನ ಮಂಕಾಗಿದ್ದರು, ಆಮೇಲೆ ಕ್ಯಾಮೆರಾ ಫೋನು ಬಂತು. ಮಂಗಳ ಬಾವಿ ಹೊಲದಲ್ಲಿ ಇವತ್ತಿಗೂ ಅರಿಸಿನ ಹಾಕಿಸುತ್ತಾಳೆ. ಬಿತ್ತುವಾಗ, ಕೀಳುವಾಗ ಗುಂಡ್ಲುಪೇಟೆಯಿಂದ ತಾನೇ ಬಂದು ನಿಲ್ಲುತ್ತಾಳೆ, ಯಾರನ್ನೂ ಒಂದು ಮಾತು ಕೇಳದೆ ಕಾಲಿಡುತ್ತಾಳೆ. ನಮ್ಮನೆಯ ಅರಿಸಿನದ ಡಬ್ಬಿ ಅವಳದೇ ಕೊಡುಗೆ.

ಈಗ ಈ ಬಿಲ್ಲೆ ಮತ್ತೆ ನನ್ನ ಕೈಯಲ್ಲಿ. ಅಂದು ಯಂತ್ರದಿಂದ ಕಿತ್ತು ಬಿಸಾಡಿದ್ದನ್ನು ಅತ್ತೆ ಯಾವಾಗಲೋ ಎತ್ತಿಕೊಂಡು ಹೋಗಿ ಕರಡಿಗೆಯಲ್ಲಿ ಇಟ್ಟಿದ್ದಾರೆ. ಅದರ ಮೇಲಿನ ಬೂದಿಯ ದಪ್ಪ ನೋಡಿದರೆ ತಿಳಿಯುತ್ತದೆ, ಅದು ಒಂದೆರಡು ತಿಂಗಳದ್ದಲ್ಲ. ಕೊನೆಯವರೆಗೂ ನೀರು ತೋರಿಸಿದ್ದಾರೆ.

ನಮ್ಮವರು ಫೋನು ಹಿಡಿದೇ ಅಡುಗೆಮನೆಗೆ ಬಂದರು. ನನ್ನ ಅಂಗೈ ನೋಡಿ ನಿಂತರು. "ಅದು... ಅದೇ ಕಾರ್ಡಾ?" ಎಂದರು. ಆಮೇಲೆ ಹಳೆಯ ಹುರುಪು ಬಂತು. "ಮೈಸೂರಲ್ಲಿ ಈಗ ಎಂಥಾ ಕಾರ್ಡಿಂದಾದ್ರೂ ತೆಗೀತಾರಂತೆ. ಅವ್ವನ ದನಿ ಸಿಕ್ಕರೂ ಸಿಕ್ಕೀತು ಕಣೆ." ಫೋನನ್ನು ಹೆಬ್ಬೆರಳಲ್ಲಿ ಒಮ್ಮೆ ತೀಡಿ, "ಫೋನಲ್ಲಿ ಅವ್ವನ ಫೋಟೋ ರಾಶಿ ಇವೆ. ದನಿ ಒಂದೂ ಇಲ್ಲ. ನೆನಪು ಮಾಡ್ಕೊಂಡ್ರೆ ಬಾಯಿ ಆಡೋದು ಕಾಣುತ್ತೆ, ಕೇಳ್ಸಲ್ಲ" ಎಂದರು.

ಎಷ್ಟೋ ವರ್ಷದಿಂದ ಈ ಮನುಷ್ಯನನ್ನು ಆಡಿಕೊಂಡು ನಗುತ್ತಿದ್ದೇನೆ. ಈ ಸಲ ನನಗೆ ನಿಜವಾಗಿ ಸಂಕಟವಾಯಿತು.

"ನನಗೆ ಕೇಳ್ಸುತ್ತೆ" ಎಂದೆ. "ಹೇಳ್ಲಾ?"

"ತಡಿ ತಡಿ, ಆನ್ ಮಾಡ್ತೀನಿ" ಎಂದು ಫೋನು ಎತ್ತಿದರು.

"ಅದನ್ನ ಆಚೆ ಇಟ್ಟು ಬನ್ನಿ."

ನನ್ನ ಮುಖ ನೋಡಿದರು. ಹೋಗಿ ಇಟ್ಟು ಬಂದರು. ಎದುರಿಗೆ ಮಣೆಯ ಮೇಲೆ ಕೂತು, ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡರು. ನಾನು ಅತ್ತೆಯ ಹಾಗೆಯೇ, ಕೊನೆಯ ಅಕ್ಷರವನ್ನು ಎಳೆದು, ಹೇಳಿದೆ: "ನನ್ನ ಮಾತು ನನ್ನೊಳಗಿಲ್ವೇನ್ಲಾ?" ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೊಂದ್ಸಲ" ಎಂದರು. ಹೇಳಿದೆ. ಬಾವಿ ಹೊಲದ್ದೂ ಹೇಳಿದೆ, ಜಾಗ ಇಲ್ವಾ ಅಂದದ್ದೂ ಹೇಳಿದೆ. ಮೈಸೂರಿನ ಮಾತು ಮತ್ತೆ ಬರಲಿಲ್ಲ.

ಬಿಲ್ಲೆಯನ್ನು ಕರಡಿಗೆಗೆ ಹಾಕಿ ಮುಚ್ಚಿ, ದೇವರ ಗೂಡಿನಲ್ಲಿಟ್ಟು, ತಟ್ಟೆ ಹಾಕಿದೆ. ಅನ್ನ ಬಡಿಸಿಕೊಂಡು ಕೂತೆ. ಕೈ ತುತ್ತಿಗೆ ಹೋಗಲಿಲ್ಲ. ಎದ್ದು ಹೋಗಿ, ಕರಡಿಗೆ ತೆರೆದು, ಗಿಂಡಿಯಿಂದ ಒಂದು ಹನಿ ನೀರು ತೋರಿಸಿ ಬಂದು ಉಂಡೆ. ನಗುವುದಿದ್ದರೆ ನಗಿ. ನಾನೂ ಬಹಳ ವರ್ಷ ನಕ್ಕಿದ್ದೇನೆ.